ಲಾರಿ ಮೇಲೆ ಬರುವ ಮನೆಗೂ ಪಾಯ ಬೇಕು

ಮಾನ್ಯ ಸಂಪಾದಕರೇ,

ದೇವನಹಳ್ಳಿ, ಸರ್ಜಾಪುರ, ಕನಕಪುರ ರಸ್ತೆ ಕಡೆಯ ಸೈಟು, ತೋಟಗಳಲ್ಲಿ ಕಂಟೇನರ್ ಮನೆಗಳೂ ಕಾರ್ಖಾನೆಯಲ್ಲೇ ತಯಾರಾಗಿ ಬರುವ ಕ್ಯಾಬಿನ್ ಮನೆಗಳೂ ಕಾಣಿಸುತ್ತಿವೆ. ಮನೆಗೆ ಲಕ್ಷಗಟ್ಟಲೆ ಸುರಿದವರು ಅದನ್ನು ಬರೀ ನೆಲದ ಮೇಲಿಟ್ಟ ಸಾಲಿಡ್ ಬ್ಲಾಕ್‌ಗಳ ಮೇಲೆ ಕೂರಿಸಿಬಿಡುತ್ತಾರೆ. ‘ಹೇಗೂ ಎತ್ತಿಕೊಂಡು ಹೋಗುವ ಮನೆ, ಪಾಯ ಯಾಕೆ?’ ಎನ್ನುವ ಮಾರಾಟಗಾರರ ಮಾತನ್ನು ದಯವಿಟ್ಟು ನಂಬಬೇಡಿ.

ಇಪ್ಪತ್ತು ಅಡಿ ಕಂಟೇನರ್‌ನ ಬರಿ ತೂಕವೇ ಸುಮಾರು 2.3 ಟನ್. ಒಳಗೋಡೆ, ನೆಲಹಾಸು, ಬಚ್ಚಲು ಸೇರಿದರೆ ಮೂರೂವರೆ ಟನ್ ಹತ್ತಿರ. ವಾಸದ ಕೋಣೆಗೆ ಐಎಸ್ 875ರ (ಕಟ್ಟಡಗಳ ಹೊರೆ ಕುರಿತ ಭಾರತೀಯ ಮಾನಕ) ಪ್ರಕಾರ ಜನ, ಸಾಮಾನಿನ ಲೆಕ್ಕಕ್ಕೆ ಚದರ ಮೀಟರಿಗೆ 200 ಕೆ.ಜಿ. ಹೊರೆ ಹಿಡಿಯಬೇಕು, ಅದು ಇನ್ನೊಂದು ಮೂರು ಟನ್. ಇಷ್ಟೂ ಇಳಿಯುವುದು ನಾಲ್ಕು ಮೂಲೆಗಳಿಂದ, ಮೂಲೆಗೆ 1.6 ಟನ್. 16×8 ಇಂಚಿನ ಬ್ಲಾಕ್ ಮೇಲೆ ಕೂತರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 20 ಟನ್. ಮಳೆಗೆ ನೆನೆದ ಮೇಲ್ಮಣ್ಣು ಅಷ್ಟನ್ನು ತಾಳದು. ಎರಡಡಿ ಚದರದ ಪಾದ (ಫುಟಿಂಗ್) ಕೊಟ್ಟರೆ ಅದೇ ಒತ್ತಡ ನಾಲ್ಕೂವರೆ ಟನ್ನಿಗೆ ಇಳಿಯುತ್ತದೆ.

ಒಂದು ಮೂಲೆ ಕುಸಿದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಮೊದಲು ಬಾಗಿಲು ಹಿಡಿಯತೊಡಗುತ್ತದೆ. ಬಡಗಿಯನ್ನು ಕರೆಸಿ ಬಾಗಿಲು ಹೆರೆಸುತ್ತಾರೆ, ಆದರೆ ದೋಷ ಬಾಗಿಲಿನದಲ್ಲ. ಆಮೇಲೆ ಕಿಟಕಿ ಗಾಜು ಸೀಳುತ್ತದೆ, ಚಾವಣಿಯ ಜೋಡಣೆಯಲ್ಲಿ ನೀರು ಜಿನುಗುತ್ತದೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಗಟ್ಟಿ ಗರಸು ಸಿಗುವವರೆಗೆ, ಕಡಿಮೆಯೆಂದರೂ ಮೂರಡಿ, ಗುಂಡಿ ತೆಗೆಯಿರಿ. ತಳಕ್ಕೆ ನಾಲ್ಕಿಂಚು 1:4:8 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್, ಅದರ ಮೇಲೆ ಎರಡಡಿ ಚದರದ ಪಾದ, ನಂತರ ಒಂದಡಿ ಚದರದ ಕಂಬ. ಪಾದಕ್ಕೂ ಕಂಬಕ್ಕೂ ಎಂ20 ದರ್ಜೆಯ, ಅಂದರೆ ಇನ್ನೂ ಗಟ್ಟಿಯಾದ, ಕಾಂಕ್ರೀಟ್. ಕಂಬಕ್ಕೆ 12 ಮಿ.ಮೀ. ಸರಳು ನಾಲ್ಕು, ಆರಿಂಚಿಗೊಂದು 8 ಮಿ.ಮೀ. ರಿಂಗು. ಕೆರೆ ಅಂಗಳ, ತುಂಬಿಸಿದ ಮಣ್ಣು, ರಾಜಕಾಲುವೆ ಪಕ್ಕದ ಜಾಗಕ್ಕೆ ಈ ಅಳತೆ ಸಾಲದು. ಅಲ್ಲಿ ಮಣ್ಣು ಪರೀಕ್ಷೆ ಆಗಲೇಬೇಕು. ಕಂಬದ ತಲೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಅಡಿಯಲ್ಲಿ ಗಾಳಿ ಆಡಿದರೆ ತುಕ್ಕು ಕಡಿಮೆ, ಗೆದ್ದಲು ಬಂದರೆ ಕಣ್ಣಿಗೆ ಬೀಳುತ್ತದೆ, ಮನೆ ಎತ್ತುವ ದಿನ ಜಾಕ್ ಹಾಕಲೂ ಜಾಗ.

ಹೆಚ್ಚು ಜನ ಎಡವುವುದು ಅಳತೆಯಲ್ಲಿ. ಇಪ್ಪತ್ತು ಅಡಿ ಕಂಟೇನರ್‌ನ ಮೂಲೆ ತೂತುಗಳು ನಡುವಿನಿಂದ ನಡುವಿಗೆ ಉದ್ದಕ್ಕೆ 5.853 ಮೀ., ಅಗಲಕ್ಕೆ 2.259 ಮೀ. ಕರ್ಣ 6.274 ಮೀ. ಬರಬೇಕು, ಎರಡೂ ಕರ್ಣ ಒಂದೇ ಇರಬೇಕು. ಹೊರ ಅಳತೆ ನೋಡಿ ಕಂಬ ಎಬ್ಬಿಸಿದರೆ ಕ್ರೇನ್ ಬಂದು ನಿಂತ ಮೇಲೆ ತಪ್ಪು ತಿಳಿಯುತ್ತದೆ. ಮಟ್ಟವನ್ನು ನೀರಿನ ಟ್ಯೂಬಿನಿಂದ ನೋಡಿ; ಎರಡು ಮೂರು ಮಿ.ಮೀ. ವ್ಯತ್ಯಾಸಕ್ಕೆ ಉಕ್ಕಿನ ತಗಡು ಕೊಡಿ, ಮರದ ಚೂರು ಬೇಡ. ಕಂಬದ ತಲೆಯಲ್ಲಿ ಕೂರಿಸಿದ ಉಕ್ಕಿನ ಪ್ಲೇಟಿಗೆ ಟ್ವಿಸ್ಟ್ ಲಾಕ್ (ಮೂಲೆ ತೂತಿನೊಳಗೆ ತಿರುಗಿಸಿ ಬಿಗಿಯುವ ಕೊಂಡಿ) ಬೆಸೆದರೆ ಮನೆ ಭದ್ರವಾಗಿ ಕೂರುತ್ತದೆ, ಬೇಕಾದಾಗ ಬಿಚ್ಚಲೂ ಬರುತ್ತದೆ. ಮನೆಯನ್ನೇ ಪ್ಲೇಟಿಗೆ ವೆಲ್ಡ್ ಮಾಡಿಸಿದರೆ ಸಾಗಿಸುವಾಗ ಗ್ಯಾಸ್ ಕಟರ್ ಹಿಡಿಯಬೇಕಾಗುತ್ತದೆ. ಕಾಂಕ್ರೀಟಿಗೆ ಕಡಿಮೆಯೆಂದರೂ ಏಳು ದಿನ ಗೋಣಿತಾಟು ಹೊದಿಸಿ ನೀರುಣಿಸಿ, ಎರಡು ವಾರ ಕಳೆದ ಮೇಲೆ ಹೊರೆ ಇಡಿ.

ದೊಡ್ಡ ಕಿಟಕಿಗಾಗಿ ಪಕ್ಕದ ತಗಡನ್ನು ಕತ್ತರಿಸಿದ್ದರೆ ಕೆಳಗಿನ ತೊಲೆ ನಡುವೆ ಜೋಲುತ್ತದೆ, ಅಲ್ಲಿ ಇನ್ನೆರಡು ಕಂಬ ಬೇಕು. ಸಾವಿರ ಲೀಟರ್ ಟ್ಯಾಂಕನ್ನು ಒಂದು ಮೂಲೆಯ ಮೇಲೆ ಇಟ್ಟರೆ ಆ ಒಂದೇ ಕಂಬಕ್ಕೆ ಟನ್ ಭಾರ ಹೆಚ್ಚುತ್ತದೆ; ಅದಕ್ಕೆ ಬೇರೆ ಸ್ಟ್ಯಾಂಡ್ ಇರಲಿ. ಬೆಂಗಳೂರಿಗೆ ಲೆಕ್ಕ ಹಿಡಿಯುವ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಆ ಗಾಳಿ ಉದ್ದದ ಗೋಡೆಯನ್ನು ಸುಮಾರು ಒಂದು ಟನ್ ಬಲದಿಂದ ತಳ್ಳುತ್ತದೆ. ತಗಡುಗಳ ನಡುವೆ ಫೋಮ್ ತುಂಬಿದ ಹಗುರವಾದ ಪಫ್ ಕ್ಯಾಬಿನ್‌ಗಳಿಗಂತೂ ಬೋಲ್ಟ್ ಇಲ್ಲದೆ ಆಗದು.

ನಮಗೆ ಹೆಚ್ಚು ಭಯ ತಾರಸಿ ಮೇಲೆ ಇಡುವವರದ್ದು. ಓಡಾಡುವ ತಾರಸಿಗೆ ಸಾಮಾನ್ಯವಾಗಿ ಹಿಡಿಯುವುದು ಚದರ ಮೀಟರಿಗೆ 150 ಕೆ.ಜಿ. ಮಾತ್ರ. ಅಂಥ ಸ್ಲ್ಯಾಬಿನ ನಡುವೆ ಒಂದೂವರೆ ಟನ್ನಿನ ಕಾಲು ಊರುವುದು ಅಪಾಯ. ಭಾರ ಕೆಳಗಿನ ಪಿಲ್ಲರ್‌ಗಳಿಗೆ ನೇರ ಇಳಿಯುವಂತೆ ಉಕ್ಕಿನ ತೊಲೆ ಹಾಕಿಸಬೇಕು, ಆ ಪಿಲ್ಲರ್‌ಗಳು ತಾಳುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು.

ಪ್ರತಿ ಮೂಲೆಯ ಭಾರ, ಕಂಬದ ಅಳತೆ, ಬೋಲ್ಟಿನ ಜಾಗ ತೋರಿಸುವ ನಕ್ಷೆಯನ್ನು ಕೊಟೇಶನ್ ಜೊತೆಗೇ ಕೊಡುವುದನ್ನು ನಗರ ಪಾಲಿಕೆಗಳು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ, ಆ ನಕ್ಷೆ ಕೈಗೆ ಬರದೆ ಯಾರೂ ಮುಂಗಡ ಕೊಡಬೇಡಿ.

– ಇಬ್ಬರು ಸಿವಿಲ್ ಎಂಜಿನಿಯರ್‌ಗಳು, ಯಲಹಂಕ, ಬೆಂಗಳೂರು