ಧೂಳಿಗಿಂತ ಹೊಗೆ ಕೆಟ್ಟದ್ದು

ಮಾನ್ಯ ಸಂಪಾದಕರೇ,

ತಲಪಾಡಿಯಿಂದ ಈಚೆ, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಶುರುವಾದಂದಿನಿಂದ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮಕ್ಕಳ ದಮ್ಮಿನ (ಅಸ್ತಮಾದ) ಮಾತು ಬಂದರೆ ಎಲ್ಲರೂ ಬೆರಳು ತೋರಿಸುವುದು ಕೆಂಪು ಧೂಳಿನತ್ತ. ಧೂಳು ಕೆಮ್ಮು ಎಬ್ಬಿಸುವುದು ನಿಜ. ಆದರೆ ಕಣ್ಣಿಗೆ ಕಾಣುವ ಧೂಳಿನ ದೊಡ್ಡ ಪಾಲು ಮೂಗು, ಗಂಟಲಲ್ಲೇ ಉಳಿಯುತ್ತದೆ. ಶ್ವಾಸಕೋಶದ ತಳದವರೆಗೂ ಇಳಿಯಬಲ್ಲವು 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಇವು ಹೆಚ್ಚಾಗಿ ಬರುವುದು ಹೊಗೆಯಿಂದ: ಡೀಸೆಲ್ ಲಾರಿಯದ್ದು, ಅಂಗಡಿಯೆದುರು ಸುಡುವ ಪ್ಲಾಸ್ಟಿಕ್ಕಿನದ್ದು, ಮತ್ತು ನಾವು ಲೆಕ್ಕಕ್ಕೇ ಹಿಡಿಯದ ನಮ್ಮದೇ ಬಚ್ಚಲೊಲೆಯದ್ದು.

ಡಿಸೆಂಬರ್, ಜನವರಿಯ ಬೆಳಿಗ್ಗೆ ನೆಲದ ಬಳಿಯ ಗಾಳಿ ತಂಪು, ಮೇಲಿನದ್ದು ಬೆಚ್ಚಗೆ. ಹೊಗೆ ಮೇಲೇಳದೆ ತೋಟದ ಮಟ್ಟದಲ್ಲೇ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಅದು ಚದುರುವುದು. ನಾವು ಹಂಡೆಯಡಿ ಅಡಕೆ ಸಿಪ್ಪೆ, ಹಸಿ ಮಡಲು ತುರುಕುವುದು, ಶಾಲೆಯಂಗಳದ ತರಗೆಲೆಗೆ ಬೆಂಕಿ ಹಾಕುವುದು ಸರಿಯಾಗಿ ಆ ಹೊತ್ತಿಗೇ. ಹಸಿ ಸೌದೆಯ ಬೆಂಕಿ ನೀರನ್ನು ಆವಿ ಮಾಡುವುದರಲ್ಲೇ ತಣ್ಣಗಾಗಿ, ಅರೆಬರೆ ಉರಿದು ಹೊಗೆ ಕಾರುತ್ತದೆ. ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ, ಸ್ವಲ್ಪಸ್ವಲ್ಪವೇ ಹಾಕಿ. ಬೂದಿ ತೆಗೆದು ಒಲೆಯ ಬಾಯಿಯಿಂದ ಗಾಳಿಯಾಡಲು ಬಿಡಿ. ಹೊಗೆಯ ಕೊಳವೆ ಮಾಡಿನ ನೆತ್ತಿಗಿಂತ ಎರಡು ಅಡಿಯಾದರೂ ಮೇಲಿರಲಿ. ದಮ್ಮಿನ ಮಗು ಇರುವ ಮನೆಯಲ್ಲಿ ಮಗುವಿನ ಸ್ನಾನ ಬೆಂಕಿ ಆರಿದ ಮೇಲೆ, ಇಲ್ಲವೇ ಬೇರೆಡೆ ಕಾಯಿಸಿದ ನೀರಿನಲ್ಲಿ ಆಗಲಿ.

ಮಕ್ಕಳು ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆಯುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ದಮ್ಮಿನ ಮಗುವಿನ ಉಸಿರುನಾಳ ಮೊದಲೇ ಊದಿಕೊಂಡಿರುತ್ತದೆ. ಕಣ ತಾಗಿದರೆ ಸುತ್ತಲಿನ ಸ್ನಾಯು ಬಿಗಿದು, ಕಫ ತುಂಬಿ, ದಾರಿ ಇನ್ನಷ್ಟು ಕಿರಿದಾಗುತ್ತದೆ. ಅಮೆರಿಕದ ಯೂಟಾ ಕಣಿವೆಯಲ್ಲಿ 1986-87ರ ಚಳಿಗಾಲ ಉಕ್ಕಿನ ಕಾರ್ಖಾನೆ ಮುಚ್ಚಿದ್ದಾಗ ಉಸಿರಾಟದ ಕಾಯಿಲೆಯಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಇಳಿಯಿತು, ತೆರೆದ ಮೇಲೆ ಮತ್ತೆ ಏರಿತು. ಹೊಗೆ ನಿಲ್ಲಿಸಿದರೆ ಅದೇ ವರ್ಷ ಫಲ ಸಿಗುತ್ತದೆ ಎಂದಾಯಿತು.

ಗಾಳಿಯಲ್ಲಿ ಈ ಸಣ್ಣ ಕಣಗಳು ಇಷ್ಟೇ ಇರಬೇಕೆಂಬ ನಮ್ಮ ದೇಶದ ಮಿತಿ 24 ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಇಡೀ ದಿನದ ಸರಾಸರಿ ಚೆನ್ನಾಗಿದ್ದರೂ ಬೆಳಗಿನ ಎರಡು ಗಂಟೆಯ ಹೊಗೆ ಅದರಲ್ಲಿ ಮುಚ್ಚಿಹೋಗಬಹುದು. ಬಟ್ಟೆಯ ಮಾಸ್ಕ್ ಈ ಕಣಗಳನ್ನು ಅಷ್ಟಾಗಿ ತಡೆಯದು. ದೊಡ್ಡವರ ಎನ್95 ಮಕ್ಕಳ ಮುಖಕ್ಕೆ ಕೂರುವುದಿಲ್ಲ, ಅಂಚಿನಿಂದ ಗಾಳಿ ನುಗ್ಗುತ್ತದೆ.

ಇನ್ನು ಔಷಧ. ಇನ್‌ಹೇಲರ್ ಚಟವಾಗುತ್ತದೆ ಎಂಬ ಭಯದಿಂದ ಸಿರಪ್ ಕುಡಿಸುವವರು ಇಂದಿಗೂ ಇದ್ದಾರೆ. ಸಿರಪ್ಪಿಗೆ ಕೆಲಸ ಶುರುಮಾಡಲು ಹೆಚ್ಚು ಹೊತ್ತು ಬೇಕು, ಕೈನಡುಕವೂ ಹೆಚ್ಚು. ವೈದ್ಯರು ದಿನವೂ ಕೊಡಲು ಹೇಳಿದ ಇನ್‌ಹೇಲರನ್ನು ಮಗು ಚೆನ್ನಾಗಿದೆಯೆಂದು ನೀವೇ ನಿಲ್ಲಿಸಬೇಡಿ. ಇನ್‌ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರನ್ನು ಸಾಬೂನು ನೀರಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರಸದೆ ಹಾಗೇ ಒಣಗಲು ಬಿಡಿ. ಒರಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟುತ್ತದೆ.

ಶಾಲೆಯಲ್ಲಿ ದಮ್ಮು ಎದ್ದರೆ ಮಗುವನ್ನು ಮಲಗಿಸದೆ ನೇರ ಕೂರಿಸಿ. ಉಸಿರುನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಕುಲುಕಿ, ಸ್ಪೇಸರಿಗೆ ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆಸಿ. ಹೀಗೆ ನಾಲ್ಕು ಸಲ, ಪ್ರತಿ ಸಲವೂ ಕುಲುಕಿ. ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಒಂದಷ್ಟು ಔಷಧ ವ್ಯರ್ಥ. ನಾಲ್ಕು ನಿಮಿಷ ಕಾದರೂ ಇಳಿಯದಿದ್ದರೆ ಆಂಬುಲೆನ್ಸಿಗೆ (108) ಕರೆಮಾಡಿ ಪುನಃ ನಾಲ್ಕು ಸಲ ಕೊಡಿ. ತುಟಿ ನೀಲಿಯಾದರೆ, ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಮಾತಾಡಲಾಗದಿದ್ದರೆ ಕಾಯದೆ ಮೊದಲೇ ಕರೆಮಾಡಿ.

ಪಂಚಾಯತುಗಳಲ್ಲಿ ನಮ್ಮ ಕೋರಿಕೆ: ಪ್ರತಿ ಶಾಲೆಯಲ್ಲೂ ಒಂದು ಇನ್‌ಹೇಲರ್, ಒಂದು ಸ್ಪೇಸರ್, ಬಳಸಲು ಕಲಿತ ಇಬ್ಬರು ಟೀಚರುಗಳು ಇರಲಿ. ತರಗೆಲೆ ಗೊಬ್ಬರದ ಗುಂಡಿಗೆ ಹೋಗಲಿ, ಪ್ಲಾಸ್ಟಿಕ್ ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯ ಚೀಲಕ್ಕೆ. ಸರ್ವಿಸ್ ರೋಡಿಗೆ ನೀರು ಹಾಕುವ ಟ್ಯಾಂಕರ್ ಮಧ್ಯಾಹ್ನದ ಬದಲು ಮಕ್ಕಳು ಬರುವ, ಬಿಡುವ ಹೊತ್ತಿಗೆ ಅರ್ಧ ಗಂಟೆ ಮೊದಲು ಬರಲಿ.

— ಮಕ್ಕಳ ಆರೋಗ್ಯ ಕಾರ್ಯಕರ್ತರು, ಕುಂಬಳೆ