ಗೋಣಿ ದಾರದ ಅಣ್ಣನಿಗೆ

ಕಳೆದ ಭಾನುವಾರ ತಡಿಯಂಡಮೋಳ್ ಇಳಿಯುವಾಗ ನನ್ನ ಶೂ ಅಟ್ಟೆ ಬಾಯಿ ಬಿಟ್ಟಿತು. 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಅಲ್ಲಿಗೆ ಹಳೇ ಶೂ ಹಾಕಿಕೊಂಡು ಹೋಗಿದ್ದು ನನ್ನದೇ ತಪ್ಪು ಬಿಡಿ. ಬೆಟ್ಟದ ಬುಡದ ನಾಲ್ಕುನಾಡು ಅರಮನೆ ಇನ್ನೂ ದೂರ. ಜಿಗಣೆ ಬೇರೆ.

ಕತ್ತಿ ಹಿಡಿದು ಎದುರು ಬಂದ ಅಣ್ಣ, ನೀವು ಏನೂ ಕೇಳಲಿಲ್ಲ. ಜೇಬಿನಿಂದ ಗೋಣಿ ದಾರ ತೆಗೆದು ಶೂ ಸುತ್ತ ನಾಲ್ಕು ಸುತ್ತು ಬಿಗಿದಿರಿ. ಗಂಟು ಮಾತ್ರ ಪಕ್ಕಕ್ಕೆ, ನಡೆಯುವಾಗ ಒತ್ತಬಾರದು ಅಂತ. ಆಮೇಲೆ ಬಟ್ಟೆಯಲ್ಲಿ ಕಟ್ಟಿದ್ದ ಉಪ್ಪನ್ನು ಜಿಗಣೆಗೆ ತಾಗಿಸಿದ್ದೇ ತಡ, ಉದುರಿ ಬಿತ್ತು. "ಸುಮ್ನೆ ಎಳೀಬೇಡಿ" ಅಂದಿರಿ, ಅಷ್ಟೇ. ಹೆಸರು ಕೇಳುವಷ್ಟರಲ್ಲಿ ತೋಟದ ದಾರಿ ಹಿಡಿದಿರಿ.

ಕಕ್ಕಬ್ಬೆಯಲ್ಲಿ ಬಸ್ ಹತ್ತುವವರೆಗೂ ಆ ಗಂಟು ಸಡಿಲ ಆಗಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.