ಹಸು ಕೊಳ್ಳುವ ಮೊದಲು

ಪುಟ್ಟಿ,

ನಿನ್ನೆ ಫೋನಿನಲ್ಲಿ ಜೋರಾಗಿ ಮಾತಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬ್ಯಾಂಕು ಸಾಲ ಒಪ್ಪಿದೆ, ಇನ್ನೂ ಹತ್ತು ಸೀಮೆಹಸು ತರೋಕೆ ಸೋಮವಾರ ದಲ್ಲಾಳಿಗೆ ಅಡ್ವಾನ್ಸ್ ಕೊಡ್ತೀನಿ ಅಂದೆಯಲ್ಲ, ಎದೆ ಧಸಕ್ಕೆಂದಿತು.

ನಾಲ್ಕು ಹಸುವನ್ನು ಎಂಟು ಮಾಡಿದವಳು ನೀನು. ಡೈರಿಗೆ ನಿನ್ನಷ್ಟು ಒಳ್ಳೆಯ ಹಾಲು ಹಾಕುವವರು ಊರಲ್ಲಿ ಕಡಿಮೆ. ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಆದರೆ ಒಂದು ಸೀಮೆಹಸುವಿಗೆ ಲಕ್ಷ ರೂಪಾಯಿ! ಎರಡು ಹಸುವಿನ ಮನೆಗೆ ಬದುವಿನ ಹುಲ್ಲು, ಮನೆಯವರ ಕೈ ಸಾಕು. ನೂರು ಹಸು ಇರುವವನು ಒಂದು ಸತ್ತರೂ ತಡೆದುಕೊಳ್ಳುತ್ತಾನೆ. ಹತ್ತು-ಹದಿನೈದು ಇಟ್ಟವರದ್ದೇ ಕಷ್ಟ. ಆಳಿಗೆ ಸಂಬಳ, ಮೇವು, ಬೂಸಾ, ಹಿಂಡಿ ಎಲ್ಲಕ್ಕೂ ದುಡ್ಡು ಬೇಕು. ಹಾಲಿನ ದರ ಮಾತ್ರ ಒಕ್ಕೂಟ ಹೇಳಿದ್ದು. ಹಸು ದುಬಾರಿ ಆಯ್ತು ಅಂತ ಲೀಟರಿಗೆ ಒಂದು ರೂಪಾಯಿ ಯಾರೂ ಜಾಸ್ತಿ ಕೊಡುವುದಿಲ್ಲ.

2013ರ ಕಾಲುಬಾಯಿ ಜ್ವರದಲ್ಲಿ ನೀನು ಹಾಸ್ಟೆಲ್‌ನಲ್ಲಿದ್ದೆ. ನಮ್ಮ ಕೋಲಾರದ ಕಡೆ ಎಷ್ಟು ದನ ಹೋದವು! ನಮ್ಮ ಹಸು ಗೌರಿ ಜೊಲ್ಲು ಸುರಿಸುತ್ತಾ, ಗೊರಸು ಊರಲಾಗದೆ ನಿಂತಿದ್ದಳು. ಹುಲ್ಲು ಇಟ್ಟರೆ ಮೂಸುತ್ತಿದ್ದಳು, ನಾಲಿಗೆಯೆಲ್ಲ ಹುಣ್ಣು, ತಿನ್ನಲಾಗುತ್ತಿರಲಿಲ್ಲ. ನಿಮ್ಮಮ್ಮ ರಾಗಿ ಗಂಜಿ ಕುಡಿಸಿ ಕುಡಿಸಿ ಉಳಿಸಿಕೊಂಡಳು. ಗೌರಿ ಉಳಿದಳು, ಹಾಲು ಮೊದಲಿನಂತೆ ಬರಲೇ ಇಲ್ಲ. ಪಕ್ಕದ ಮನೆಯವರ ಕೊಟ್ಟಿಗೆ ಪೂರ್ತಿ ಖಾಲಿಯಾಯಿತು. ಹಸು ಹೋದ ಮೇಲೂ ಅವರು ಸಾಲದ ಕಂತು ಕಟ್ಟುತ್ತಲೇ ಇದ್ದರು. 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ನನ್ನ ಕಣ್ಣಿಗೆ ಕಂಡದ್ದು ಆ ಜೊಲ್ಲು ಸುರಿಯುವ ಬಾಯಿಯೇ. ಈಗ ನೀನು ಲಕ್ಷ ಅಂದಾಗಲೂ ಅದೇ ಕಂಡಿತು.

ಇನ್ನೊಂದು ವಿಷಯ. 2021ರಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಬಿಗಿಯಾದ ಮೇಲೆ ಬರಡು ಹಸುವನ್ನು ಕೊಳ್ಳುವವರು ಎಲ್ಲಿ? ಲಕ್ಷ ಕೊಟ್ಟು ತಂದದ್ದಕ್ಕೆ ಹಾಲು ನಿಂತ ದಿನ ಬೆಲೆಯೇ ಇರುವುದಿಲ್ಲ. ದಲ್ಲಾಳಿ ಇಪ್ಪತ್ತು ಲೀಟರ್ ಅಂತ ತೋರಿಸುವುದೂ ಕರು ಹಾಕಿದ ಮೊದಲ ಒಂದೆರಡು ತಿಂಗಳ ಹಾಲು. ಆಮೇಲೆ ಹಾಲು ಇಳಿಯುತ್ತದೆ, ಕಂತು ಇಳಿಯುವುದಿಲ್ಲ.

ಹತ್ತು ಬೇಡ, ಮೂರು ತಗೋ. ನಿನ್ನ ಕೊಟ್ಟಿಗೆಯ ಹೆಣ್ಣುಕರುಗಳನ್ನು ಮಾರಬೇಡ. ಹಾಲಿಗೆ ಬರಲು ಎರಡೂವರೆ ವರ್ಷ ಆಗಬಹುದು, ಆದರೆ ಅವುಗಳ ತಾಯಿ ಎಂಥದ್ದು ಅಂತ ನಿನಗೆ ಗೊತ್ತಲ್ವಾ? ತಂದ ಹಸುವಿಗೆ ವಿಮೆ ಮಾಡಿಸು, ಗುರುತಿಗೆ ಕಿವಿಗೆ ಹಾಕುವ ನಂಬರಿನ ಓಲೆ ಬೀಳದಂತೆ ನೋಡಿಕೋ. ಓಲೆ ಇಲ್ಲದಿದ್ದರೆ ವಿಮೆ ದುಡ್ಡು ಕೈಗೆ ಬರುವುದು ಕಷ್ಟ.

ಸೋಮವಾರ ಹೋಗುವುದೇ ಆದರೆ ನಾನೂ ಬರುತ್ತೇನೆ. ಭಾನುವಾರ ಸಂಜೆಯೇ ಹೋಗೋಣ. ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುತ್ತಾರೆ. ಸಂಜೆ ಪೂರ್ತಿ ಕರೆಸಿ, ಬೆಳಗ್ಗೆ ಮತ್ತೆ ನಮ್ಮೆದುರೇ ಕರೆಸಿ ಅಳೆಯೋಣ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ನಿಮ್ಮಪ್ಪ